ಪಶ್ಚಿಮಕ್ಕೆ ಇಟ್ಟ ಪ್ರಸ್ಥಾನ

ಇಥಿಯೋಪಿಯಾದಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ನನಗೆ ಸಿಕ್ಕಿತೆಂದು ಗೊತ್ತಾದಾಗ ಬೈಲಹೊಂಗಲದಲ್ಲಿ ನಗುವವರು ನಕ್ಕರು, ಹೊಟ್ಟೆ ಉರಿದುಕೊಳ್ಳುವವರು ಉರಿದುಕೊಂಡರು. ಪೌರೋಹಿತ್ಯದ ಮನೆಯ ಹುಡುಗಿ, ಲಗ್ನವಾಗದವಳು, ಒಬ್ಬಳೇ ಸಮುದ್ರ ದಾಟುವುದೆಂದರೆ ಎಪ್ಪತ್ತರ ದಶಕದಲ್ಲಿ ಸಣ್ಣ ಮಾತಾಗಿರಲಿಲ್ಲ. ನನಗಂತೂ ಕೋಡು ಮೂಡಿತ್ತು. ಪಾಠ ಹೇಳುತ್ತಿದ್ದ ಊರಿನ ಶಾಲೆಗೆ ರಾಜೀನಾಮೆ ಕೊಟ್ಟೆ. ಶಾಲು ಹೊದಿಸಿ, ಉದ್ದುದ್ದ ಭಾಷಣ ಮಾಡಿ ಬೀಳ್ಕೊಟ್ಟರು. ಮರುದಿನವೇ ನನ್ನ ಜಾಗಕ್ಕೆ ಬೇರೆಯವರು ಬಂದರು.

ನಾನು ಹೊರಡುವ ದಿನ ಒಳ್ಳೆಯ ಮುಹೂರ್ತವಿರಲಿಲ್ಲ. ಹಾಗಿದ್ದಾಗ ನಮ್ಮಲ್ಲಿ ಪ್ರಸ್ಥಾನ ಇಡುತ್ತಾರೆ. ಮೊದಲೇ ಒಂದು ಒಳ್ಳೆಯ ಗಳಿಗೆ ನೋಡಿ, ಹೋಗುವವರ ಬಟ್ಟೆಯೊಂದರಲ್ಲಿ ಅಕ್ಕಿ, ಅರಿಶಿನ ಕೊಂಬು, ಅಡಿಕೆ ಕಟ್ಟಿ, ಹೋಗುವ ದಿಕ್ಕಿಗಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಮುಂಬೈ ದಾರಿ ಪಶ್ಚಿಮಕ್ಕೆ ಎಂದು ಅಪ್ಪ ಪಂಚಾಂಗ ತಿರುವಿ, ಪಶ್ಚಿಮಕ್ಕಿದ್ದ ನೆರೆಮನೆಯ ಒಕ್ಕಲಗಿತ್ತಿಯ ದೇವರ ಜಗಲಿಯ ಮೇಲೆ ನನ್ನ ಗಂಟು ಇಟ್ಟು ಬಂದರು.

ಮೂರನೆಯ ದಿನ ತಂತಿ ಬಂತು. ಆ ದೇಶದಲ್ಲಿ ಗಲಭೆ ಎದ್ದಿದೆ, ನೇಮಕ ರದ್ದು.

ಅಳಲಿಲ್ಲ ಎಂದು ಹೇಳಿಕೊಳ್ಳಲು ಆಸೆ, ಆದರೆ ಸೆರಗು ತೋಯುವಷ್ಟು ಅತ್ತಿದ್ದೇನೆ. ಅಳುವಿಗಿಂತ ಸಿಟ್ಟೇ ಹೆಚ್ಚು. ಅಪ್ಪನ ಅಕ್ಕ ಕೂತಲ್ಲೇ ತೀರ್ಪು ಕೊಟ್ಟಳು.

"ದೇವರು ನಮ್ಮ ಕಡೆ ನೋಡ್ಯಾನ. ಆ ಗಂಟು ಹೊಳ್ಳಿ ತಗೊಂಡು ಬಾ. ಇಕಿದೊಂದು ಲಗ್ನಾ ಮಾಡಿ ಕೈ ತೊಳಕೋ."

ಕೆಲಸವಿಲ್ಲದ ಮಗಳಿಗೆ ಅದೇ ಸರಿ ಎಂಬಂತೆ ಅಪ್ಪ ಶಲ್ಯ ಹೆಗಲಿಗೆ ಹಾಕಿ ಎದ್ದರು. ಪಾಠ ಹೇಳುವ ನನ್ನ ದಿನಗಳು ಮುಗಿದವು ಎಂದೇ ಅಂದುಕೊಂಡೆ.

ಗಂಟು ತರಲು ಅಪ್ಪ, ನಾನು ಇಬ್ಬರೂ ಹೋದೆವು. ನೆರೆಮನೆಯವಳು ಸೊಂಟಕ್ಕೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ನಾ ಕೊಡಂಗಿಲ್ರಿ ಭಟ್ರ. ಹೊಂಟ ಗಂಟು ಯಾರರ ಹೊಳ್ಳಿ ಮನಿಗೆ ಒಯ್ತಾರೇನ್ರಿ? ಇಟ್ಟ ಮ್ಯಾಲೆ ಹೋಗಾಕಬೇಕು ಅಂತ ನೀವ ಹೇಳಿದ್ರಿ. ನಮಗೊಂದು ಶಾಸ್ತ್ರ, ನಿಮಗೊಂದು ಶಾಸ್ತ್ರ ಐತೇನು?"

ಊರಿಗೆಲ್ಲ ಶಾಸ್ತ್ರ ಹೇಳುವ ಅಪ್ಪ ನಕ್ಕೇಬಿಟ್ಟರು. ನನ್ನ ಕಡೆ ತಿರುಗಿದರು.

"ಖರೇನ ಅಂತಾಳ. ಪಶ್ಚಿಮಕ್ಕಂತ ಇಟ್ಟೇವಿ, ಹೋಗಲಿಕ್ಕೇ ಬೇಕು. ಕಿತ್ತೂರು ದಕ್ಷಿಣಕ್ಕಿದ್ರೂ ಒಂಚೂರು ಪಶ್ಚಿಮಕ್ಕೇ ವಾಲೇದ. ಅಲ್ಲೆ ಸಾಲ್ಯಾಗ ಇಂಗ್ಲಿಷ್ ಕಲಸವರು ಯಾರೂ ಇಲ್ಲಂತ ನೀನ ಅಂದಿದ್ದಿ."

ಅಂದದ್ದು ನಿಜ. ಹೆದ್ದಾರಿಯ ಧೂಳು ತಿನ್ನಲು ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಮೂಗು ಮುರಿಯುತ್ತ ಅಂದಿದ್ದೆ.

ಮರುದಿನ ನೆರೆಮನೆಯಿಂದಲೇ ಗಂಟು ಬಗಲಿಗಿಟ್ಟುಕೊಂಡು ಅಪ್ಪನ ಜೊತೆ ಮೊದಲ ಬಸ್ಸು ಹತ್ತಿದೆ. ಕಿತ್ತೂರಿನ ಹೆಡ್‌ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮನ್ನ ಪರದೇಶಕ್ಕ ಕಳಿಸಿಕೊಟ್ಟಾರ ಅಂತ ಕೇಳಿದ್ವಿ?"

"ಶಾಲೂ ಹೊದಿಸ್ಯಾರ್ರಿ. ನೌಕರಿ ರದ್ದಾತು. ನನ್ನ ಇಂಗ್ಲಿಷ್ ರದ್ದಾಗಿಲ್ಲ," ಎಂದೆ.

ಅವರು ಒಂದು ಸೀಮೆಸುಣ್ಣ ಕೈಗೆ ಕೊಟ್ಟು ಹತ್ತನೆಯ ತರಗತಿ ತೋರಿಸಿದರು. ಮೀಸೆ ಚಿಗುರಿದ ಹುಡುಗರು ಬೆಂಚು ಬಡಿದು ನನ್ನನ್ನು ಪರೀಕ್ಷಿಸಿದರು. ಕನ್ನಡದಲ್ಲಿ ಸರಿಯಾಗಿ ಗದರಿಸಿ, ಇಂಗ್ಲಿಷಿನಲ್ಲಿ ಒಂದು ಕಳ್ಳನ ಕಥೆ ಶುರು ಮಾಡಿದೆ. ತಿಳಿಯದಲ್ಲಿ ಕೈಕಾಲು ಆಡಿಸಿ ತೋರಿಸಿದೆ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

"ಆಮ್ಯಾಲ ಕಳ್ಳ ಸಿಕ್ಕನೇನ್ರಿ ಅಕ್ಕಾರ?" ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕಾರು ಎನ್ನುತ್ತಾರೆ.

"ನಾಳೆ ಹೇಳತೇನಿ," ಎಂದೆ. ನಾಳೆ ನನ್ನದೆಂದು ಆಗಿನ್ನೂ ಯಾರೂ ಹೇಳಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು, "ಹಂಗಾರ ಹೇಳಾಕ ನಾಳೆ ಬರಾಕಬೇಕಲ್ರಿ," ಎಂದರು.

ಅಪ್ಪ ಆ ಇಡೀ ಹೊತ್ತು ಹೊರಗೆ ಕಿಟಕಿಯ ಪಕ್ಕ ನಿಂತೇ ಇದ್ದರು. ಇಂಗ್ಲಿಷಿನ ಒಂದಕ್ಷರ ಬಾರದು, ಆದರೂ ಕಿವಿ ಇತ್ತಲೇ. ಶಾಲೆಯ ಸಿಪಾಯಿ ಬಂದು, "ಯಾರ್ರಿ ತಾವು?" ಎಂದು ಕೇಳುವುದು ನನಗೂ ಕೇಳಿಸಿತು. ಸವದತ್ತಿಯಿಂದ ರಾಮದುರ್ಗದವರೆಗೆ ಯಾರು ಹಾಗೆ ಕೇಳಿದರೂ ಅಪ್ಪ ಮುತ್ತಜ್ಜನ ವಿದ್ವತ್ತಿನಿಂದ ಹಿಡಿದು ಗೋತ್ರದವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಂದು ಅದಾವುದನ್ನೂ ಹೇಳಲಿಲ್ಲ. ನನ್ನ ಕಡೆ ಕೈ ಮಾಡಿದರು.

"ಆ ಅಕ್ಕಾರ ಅಪ್ಪ ನಾನು."