ಜಗಳದ ಗುರುತು

ಈ ಸಲವೂ ಪಾಸಿಟಿವ್ ಎಂದು ನಾನು ಹೇಳಿದಾಗ ಶಾಂತವ್ವ ಅಳಲಿಲ್ಲ. ಸೆರಗಿಗೆ ಅಂಟಿದ್ದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಕುಳಿತರು. ತೊಂಬತ್ತರ ದಶಕದ ನಡುಭಾಗದಲ್ಲಿ ಮುಂಬೈಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದೆ. ಬಿಜಾಪುರ ಕಡೆಯ ಶಾಂತವ್ವನ ಗಂಡ ಅದೇ ಸೋಂಕಿನಿಂದ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಇವರು ಮಾತ್ರ ಯಾವ ಔಷಧಿಯೂ ಇಲ್ಲದೆ ಕುರ್ಲಾದಲ್ಲಿ ಇಟ್ಟಿಗೆ ಹೊರುತ್ತಿದ್ದರು. ತೂಕ ಒಂದು ಕಿಲೋ ಕೂಡ ಇಳಿದಿರಲಿಲ್ಲ. ಹಳೆಯ ವರದಿಯೇ ತಪ್ಪಿರಬೇಕೆಂದು ನಾನು ಎರಡೆರಡು ಸಲ ಪರೀಕ್ಷಿಸಿದ್ದೆ. ಕೆಲವರ ಮೈ ವೈರಸ್ಸನ್ನು ತಾನೇ ಅದುಮಿ ಹಿಡಿಯುತ್ತದೆ, ಯಾಕೆಂದು ನಮಗೂ ಗೊತ್ತಿಲ್ಲ ಎಂದಿದ್ದರು ಡಾಕ್ಟರು.

“ಅಂದ್ರ ಹುಳಾ ಇನ್ನೂ ಕಾಣ್ತಾವೇನ್ರಿ?” ಎಂದು ಶಾಂತವ್ವ ಕೇಳಿದರು.

“ಈ ಟೆಸ್ಟಲ್ಲಿ ಹುಳ ಕಾಣಲ್ಲಮ್ಮ. ನಿಮ್ಮ ಮೈ ಅದರ ಜೊತೆ ಜಗಳ ಆಡಿದ ಗುರುತು ಕಾಣುತ್ತೆ. ಅದಕ್ಕೇ ಪಾಸಿಟಿವ್ ಅಂತೀವಿ,” ಎಂದೆ.

ಅವರು ಮೊದಲ ಸಲ ನಕ್ಕರು. “ಜಗಳಾ ಅಂದ್ರ ಬರ್ಲಿ ಬಿಡ್ರಿ ಅಕ್ಕಾರ. ಚಾಳಿನ ನಳದ ಮುಂದ ದಿನಾ ಜಗಳಾಡೇ ನೀರ ಹಿಡದಾಕಿ ನಾ. ಒಂದಿನಾನೂ ಖಾಲಿ ಕೊಡಾ ಮನಿಗೆ ತಂದಿಲ್ಲ.”

ಆಮೇಲೆ ಎಷ್ಟೋ ವರದಿಗಳ ಮೇಲೆ ಅದೇ ಪದ ಬರೆದೆ. ಶಾಂತವ್ವನ ಹಾಗೆ ಗೆದ್ದವರು ತೀರ ಕಡಿಮೆ. ಆದರೆ ನಾನು ಪಾಸಿಟಿವ್ ಎಂದು ಬರೆದ ಯಾರ ಮೈಯೂ ಜಗಳವಾಡದೆ ಸೋತಿರಲಿಲ್ಲ.