ಭಾವ ಬಿಟ್ಟು ಹೇಳುತ್ತಿದ್ದ ಮಾತು

ಗಂಡನ ಮನೆಯವರು ಅವಳನ್ನು ಹೆಸರು ಹಿಡಿದು ಕರೆದದ್ದು ಮದುವೆಯಾದ ಮೊದಲ ವರ್ಷ ಮಾತ್ರ. ಆಮೇಲೆ ದೊಡ್ಡವರಿಂದ ಹಿಡಿದು ಹಾಲುಹಲ್ಲಿನ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅವಳು ‘ಹ್ಯಾಂಡ್‌ಬ್ರೇಕ್’ ಆದಳು.

ತಪ್ಪು ಅವಳದೇ, ಅದನ್ನು ಅವಳು ಯಾವತ್ತೂ ಅಲ್ಲಗಳೆಯಲಿಲ್ಲ. ಭಾವ, ಅಂದರೆ ಗಂಡನ ಅಣ್ಣ, ಹೊಸ ಕಾರು ಕೊಂಡಿದ್ದ. ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಎಲ್ಲರೂ ಹೊರಟಾಗ, "ಲೈಸೆನ್ಸ್ ಇದೆ ಅಂತೀಯಲ್ಲಮ್ಮ, ಎಲ್ಲಿ, ಓಡಿಸು ನೋಡೋಣ" ಎಂದು ಕೀಲಿಕೈಯನ್ನು ಅವಳ ಮುಂದೆ ಹಿಡಿದ. ಹಿಂದಿನ ಸೀಟಿನಲ್ಲಿ ಅತ್ತೆ, ಗಂಡ, ಓರಗಿತ್ತಿ. ಮುಂದೆ ಅವಳ ಪಕ್ಕದಲ್ಲಿ ಭಾವ. ತನ್ನ ಕೋಟನ್ನು ಮಡಚಿ ಎರಡು ಸೀಟುಗಳ ನಡುವೆ, ಸರಿಯಾಗಿ ಹ್ಯಾಂಡ್‌ಬ್ರೇಕಿನ ಮೇಲೇ ಇಟ್ಟಿದ್ದ. ಎಲ್ಲರ ಕಣ್ಣೂ ತನ್ನ ಮೇಲಿದ್ದ ಗಾಬರಿಯಲ್ಲಿ ಅವಳಿಗೆ ಬ್ರೇಕ್ ಇಳಿಸುವುದು ಮರೆತೇಹೋಯಿತು. ಗಾಡಿ ತಿಣುಕುತ್ತ ಸಾಗಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ.

"ಭಾವ, ಏನೋ ಸರಿಯಿಲ್ಲ. ನಿಲ್ಲಿಸ್ಲಾ?"

"ಹೊಸ ಗಾಡಿ ಕಣಮ್ಮ, ಶುರುವಿಗೆ ಹಾಗೇ. ಆಕ್ಸಿಲರೇಟರ್ ಒತ್ತು, ಎಲ್ಲಾ ಸರಿಹೋಗುತ್ತೆ."

ಒತ್ತಿದಳು. ಹನ್ನೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಹಿಂದಿನ ಚಕ್ರಗಳಿಂದ ಹೊಗೆ ಎದ್ದಿತು. ಒಳ್ಳೆಯ ಬಟ್ಟೆ ಉಟ್ಟವರೆಲ್ಲ ದಡಬಡ ಇಳಿದು ರಸ್ತೆಬದಿಯ ಧೂಳಿನಲ್ಲಿ ನಿಂತರು.

ಅಲ್ಲಿಂದ ಇಪ್ಪತ್ತೆರಡು ವರ್ಷ ಭಾವ ಈ ಕಥೆಯನ್ನು ಹೇಳಿದ. ಮದುವೆಯ ಊಟದಲ್ಲಿ, ಗೃಹಪ್ರವೇಶದಲ್ಲಿ, ಆಸ್ಪತ್ರೆಗೆ ಮಗು ನೋಡಲು ಹೋದಲ್ಲಿ. ಹನ್ನೆರಡು ಕಿಲೋಮೀಟರ್ ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ಹೊಗೆ ಬೆಂಕಿಯಾಯಿತು. ಕೊನೆಕೊನೆಗೆ ಅಗ್ನಿಶಾಮಕ ದಳವೂ ಬಂತು. ತಾನು ಹೇಳಿದ ‘ಆಕ್ಸಿಲರೇಟರ್ ಒತ್ತು’ ಎಂಬ ಮಾತೊಂದನ್ನು ಮಾತ್ರ ಅವನು ಒಮ್ಮೆಯೂ ಬಾಯಿಗೆ ತರಲಿಲ್ಲ. ಹೊಸ ಸೊಸೆಯಾಗಿದ್ದಾಗ ಎದುರಾಡಲು ಅವಳಿಗೆ ಬಾಯಿ ಬರಲಿಲ್ಲ. ಆಮೇಲೆ ಎದುರಾಡಿದರೆ, "ತಮಾಷೆಗೆ ಹೇಳಿದ್ದಕ್ಕೂ ಮುಖ ಊದಿಸ್ಕೋತೀಯಲ್ಲೇ" ಎಂದು ಅತ್ತೆ ಗದರುತ್ತಿದ್ದರು. ಗಂಡ ಎಲ್ಲರ ಜೊತೆ ನಗುತ್ತಿದ್ದ.

ಅವಳು ಒಂದು ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಕೆಲಸಕ್ಕಿದ್ದಳು. ಹಾಸುಬಟ್ಟೆ ಎಣಿಸಿ, ಮಡಿಸಿ, ವಾರ್ಡಿಗೆ ಕಳಿಸುವುದು. ಬಟ್ಟೆ ಸಾಗಿಸುವ ವ್ಯಾನು ಓಡಿಸುತ್ತೀಯಾ ಎಂದು ಒಮ್ಮೆ ಮೇಲಿನವರು ಕೇಳಿದಾಗ, ಕೆನ್ನೆಯೆಲ್ಲ ಬಿಸಿಯಾಗಿ ಬೇಡವೆಂದಳು. ಹಾಗೆ ಬೇಡವೆಂದ ಸಂಜೆ ಮನೆಗೆ ಬಂದು, ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು, ಭಾವನನ್ನು ಬಾಯಿ ತುಂಬ ಬೈದಳು.

ಅವಳ ಮಗಳ ನಿಶ್ಚಿತಾರ್ಥದಂದು ಹೊಸ ಬೀಗರ ಎದುರಿಗೂ ಭಾವ ಬಿಡಲಿಲ್ಲ. ಅಗ್ನಿಶಾಮಕ ದಳದವರೆಗೂ ಹೇಳಿ ಮುಗಿಸಿದ. ಬೀಗರು ಕಣ್ಣೊರೆಸಿಕೊಂಡು ನಕ್ಕು, "ನಮ್ಮ ಸೊಸೆಗೂ ನೀವೇ ಡ್ರೈವಿಂಗ್ ಹೇಳಿಕೊಟ್ಟಿದೀರಾ?" ಎಂದರು. ಮಗಳ ಮುಖ ಬಾಡಿದ್ದನ್ನು ಅವಳು ನೋಡಿದಳು. ಮರುದಿನವೇ ಆಸ್ಪತ್ರೆಯ ಹಳೆಯ ಆಂಬುಲೆನ್ಸ್ ಡ್ರೈವರ್ ಮುಂದೆ ನಿಂತು, "ಅಣ್ಣಾ, ನನಗೆ ಕಲಿಸಿ. ಬಯ್ದರೂ ಪರವಾಗಿಲ್ಲ" ಎಂದಳು.

ಅವಳಿಗೆ ಆಗ ನಲವತ್ತೈದು. ಹಲ್ಲು ಕಚ್ಚಿ ಕಲಿತಳು. ಎರಡು ವರ್ಷದಲ್ಲಿ ಆಂಬುಲೆನ್ಸಿನ ಸ್ಟಿಯರಿಂಗ್ ಹಿಡಿದಳು. ಭಾವ ಸುಮ್ಮನಾದನೇ? ಅವನ ಕಥೆಗೆ ಹೊಸ ಬಾಲ ಬೆಳೆಯಿತು: "ಪಾಪ, ರೋಗಿಗಳು! ಇವಳು ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಕರ್ಕೊಂಡು ಹೋಗ್ತಾಳೆ. ತಲುಪೋದರೊಳಗೆ ತಾವಾಗೇ ವಾಸಿಯಾಗಿರ್ತಾರೆ."

ಒಂದು ಮಧ್ಯಾಹ್ನ ಭಾವ ನೀರಿನ ಟ್ಯಾಂಕ್ ತೊಳೆಯಲು ಏಣಿ ಹತ್ತಿ, ಕಾಲು ಜಾರಿ ಬಿದ್ದ. ತೊಡೆಯ ಮೂಳೆ ಎರಡು ತುಂಡು. ಇಲ್ಲಿ ಆಗುವುದಿಲ್ಲ, ಎಪ್ಪತ್ತು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು ಡಾಕ್ಟರು. ಆ ಹೊತ್ತಿಗೆ ಡ್ಯೂಟಿಯಲ್ಲಿದ್ದದ್ದು ಅವಳೇ. ಸ್ಟ್ರೆಚರಿನಲ್ಲಿ ಭಾವ, ಪಕ್ಕದಲ್ಲಿ ಓರಗಿತ್ತಿ ಮತ್ತು ಒಬ್ಬ ನರ್ಸ್. ನೋವಿನ ಇಂಜೆಕ್ಷನ್ ಹತ್ತಿ ಸ್ವಲ್ಪ ಹಾಯೆನಿಸಿದ್ದೇ ತಡ, ಭಾವ ಶುರುಮಾಡಿದ.

"ಸಿಸ್ಟರ್, ಗಾಡಿ ಓಡಿಸ್ತಿರೋರು ಯಾರು ಗೊತ್ತಾ? ನಮ್ಮನೆ ಹ್ಯಾಂಡ್‌ಬ್ರೇಕ್. ಒಂದ್ಸಲ ಏನಾಯ್ತು ಅಂದ್ರೆ..."

ನಡುವಿನ ಪುಟ್ಟ ಕಿಟಕಿ ತೆರೆದೇ ಇತ್ತು. ಅವಳಿಗೆ ಎಲ್ಲ ಕೇಳಿಸಿತು. ಆ ದಾರಿಯಲ್ಲಿ ಹತ್ತೊಂಬತ್ತು ಹಂಪ್‌ಗಳಿವೆ ಎಂದು ಅವಳಿಗೆ ಗೊತ್ತು. ಒಂದನ್ನು, ಒಂದೇ ಒಂದನ್ನು, ಕೊಂಚ ಜೋರಾಗಿ ದಾಟಿದರೆ ಸಾಕು, ಭಾವನ ಕಥೆ ಗಂಟಲಲ್ಲೇ ನಿಲ್ಲುತ್ತಿತ್ತು. ಕಾಲು ಆಕ್ಸಿಲರೇಟರಿನ ಮೇಲೆ ತುರಿಸಿತು. ಆದರೆ ಆಮೇಲೆ ಅವನು ಇನ್ನೊಂದು ಇಪ್ಪತ್ತು ವರ್ಷ ಅದನ್ನೂ ಹೇಳಿಕೊಂಡು ತಿರುಗುತ್ತಾನೆ. ಅವಳು ಪ್ರತಿ ಹಂಪನ್ನೂ ತೊಟ್ಟಿಲು ತೂಗಿದ ಹಾಗೆ ದಾಟಿಸಿದಳು. ಕರುಣೆಯಿಂದಲ್ಲ, ಒಂದು ಚೂರೂ ಅಲ್ಲ.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಮುಂದೆ ಲಾರಿಗಳ ಸಾಲು. ಸೈರನ್ ಹಾಕಿ ಪ್ರಯೋಜನವಿಲ್ಲ. ಅವಳು ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಿಟಕಿಯ ಕಡೆ ತಿರುಗಿದಳು.

"ಭಾವ, ಈ ಕಥೇಲಿ ಒಂದು ಮಾತು ಬಿಟ್ಟುಹೋಯ್ತು."

"ಈಗ ಯಾಕಮ್ಮ ಅದೆಲ್ಲ? ನೋವಾಗ್ತಿದೆ."

"ಇಷ್ಟು ಹೊತ್ತು ಹೇಳುವಾಗ ನೋವಿರ್ಲಿಲ್ವಲ್ಲ. ನಿಲ್ಲಿಸ್ಲಾ ಅಂತ ನಾನು ಕೇಳ್ದೆ. ಏನಂದ್ರಿ ನೀವು?"

"ಯಾರಿಗೆ ನೆನಪಿರುತ್ತೆ, ಯಾವ ಕಾಲದ್ದೋ..."

"ಅಗ್ನಿಶಾಮಕ ದಳ ಬಂದಿದ್ದು ನೆನಪಿದೆ. ಇದು ನೆನಪಿಲ್ಲ."

ನರ್ಸ್ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದಳು. ಆಗ, ಇಷ್ಟು ವರ್ಷ ಗಂಡನ ಮಾತಿಗೆ ಕಮಕ್ ಕಿಮಕ್ ಎನ್ನದ ಓರಗಿತ್ತಿ, ತಲೆ ತಗ್ಗಿಸಿಕೊಂಡೇ ಹೇಳಿದಳು: "ಒತ್ತು ಅಂದ್ರು. ನಾನು ಹಿಂದೆ ಕೂತಿದ್ನಲ್ಲ, ಕೇಳಿಸ್ತು. ಕೋಟು ಬ್ರೇಕ್ ಮೇಲೇ ಇತ್ತು. ಅತ್ತೆಗೂ ಕೇಳಿಸಿತ್ತು. ನಿನ್ನ ಗಂಡನಿಗೂ."

ಅವಳು ಹಾಗೆ ಯೋಚಿಸಿಯೇ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ನಗುತ್ತಿದ್ದರು.

"ಇನ್ಮೇಲೆ ಹೇಳಿದ್ರೆ ಪೂರ್ತಿ ಹೇಳಿ ಭಾವ. ಇಲ್ಲಾಂದ್ರೆ ನಾನು ಹೇಳ್ತೀನಿ," ಎಂದಳು. ರೈಲು ಹೋಯಿತು, ಗೇಟು ಎದ್ದಿತು. ಉಳಿದ ಮೂವತ್ತೈದು ಕಿಲೋಮೀಟರಿನ ಹಂಪ್‌ಗಳನ್ನೂ ಅವಳು ಅಷ್ಟೇ ಮೆಲ್ಲಗೆ ದಾಟಿಸಿದಳು. ಇಳಿಸಿಕೊಂಡ ಡಾಕ್ಟರು, "ಮೂಳೆ ಸ್ವಲ್ಪವೂ ಅಲುಗಾಡದ ಹಾಗೆ ತಂದಿದೀರಿ" ಎಂದಾಗ ಭಾವ ಮುಖ ಆಚೆ ತಿರುಗಿಸಿದ.

ಐದು ತಿಂಗಳಾದ ಮೇಲೆ, ಓದು ಮುಗಿಯಲೆಂದು ಮುಂದೂಡಿದ್ದ ಮಗಳ ಮದುವೆಯ ಊಟದಲ್ಲಿ ಹುಡುಗರು ಊರುಗೋಲು ಹಿಡಿದು ಕೂತಿದ್ದವನನ್ನು ಸುತ್ತುವರಿದರು. "ದೊಡ್ಡಪ್ಪಾ, ಹ್ಯಾಂಡ್‌ಬ್ರೇಕ್ ಕಥೆ!"

"ಬಿಡ್ರೋ, ಹಳೇದು," ಎಂದ ಭಾವ.

"ನಾನು ಹೇಳ್ತೀನಿ," ಎಂದು ಅವಳು ಎದ್ದು ನಿಂತಳು. ಬೀಗರ ಕಡೆಗೇ ತಿರುಗಿ, ಏನೂ ಬಿಡದೆ, ಸಾವಕಾಶವಾಗಿ ಹೇಳಿದಳು. ‘ಆಕ್ಸಿಲರೇಟರ್ ಒತ್ತು’ ಎಂಬಲ್ಲಿ ಭಾವನ ದನಿಯನ್ನೇ ಅನುಕರಿಸಿದಳು. ಸಭೆ ಬಿದ್ದುಬಿದ್ದು ನಕ್ಕಿತು. ಬೀಗರು ಮತ್ತೆ ಕಣ್ಣೊರೆಸಿಕೊಂಡರು. ಭಾವ ಎಲೆಯಿಂದ ತಲೆ ಎತ್ತಲಿಲ್ಲ.

ಈಗ ಸಿಕ್ಕಸಿಕ್ಕ ಸಮಾರಂಭದಲ್ಲಿ ಅವಳೇ ಹೇಳುತ್ತಾಳೆ. ಕಳೆದ ಸಲ ಭಾವ ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದ ಎಂದೂ ಸೇರಿಸಿದಳು, ಅವನು ಹೊಡೆದಿರಲಿಲ್ಲ. ಅವತ್ತು ಮನೆಗೆ ಬರುವಾಗ ಗಂಡ ಮೆಲ್ಲಗೆ, "ಸಾಕು ಬಿಡೇ, ಅಣ್ಣನಿಗೆ ವಯಸ್ಸಾಯ್ತು. ಇದೆಲ್ಲ ಎಷ್ಟು ದಿನ?" ಎಂದ.

"ಇಪ್ಪತ್ತೆರಡು ವರ್ಷ," ಎಂದಳು. "ಮುಂದಿನ ಸಲ ಹಿಂದಿನ ಸೀಟಲ್ಲಿ ಕೂತಿದ್ದೋರ ಕಥೇನೂ ಹೇಳ್ತೀನಿ."