ಕಂಪ್ಯೂಟರಿಗೂ ಗೆದ್ದಲು

“ಮೊದಲಿನದ್ದು ಕಂಡಿತು, ಕೊನೆಯದ್ದೂ ಕಂಡಿತು. ನಡುವಿನದ್ದು ಎಲ್ಲಿ ಉಂಟು ಮಾರಾಯ್ತಿ?”

ನನ್ನ ಹೆಗಲ ಹಿಂದಿನಿಂದ ಕಂಪ್ಯೂಟರಿನ ಪರದೆಗೆ ಇಣುಕುತ್ತ ಹೀಗೆ ಕೇಳಿದವರು ಬಾಬಣ್ಣ. ನಮ್ಮ ಪುತ್ತೂರಿನ ಪಶುಸಂಗೋಪನಾ ಕಚೇರಿಯಲ್ಲಿ ಹಳೆಯ ಕಡತಗಳನ್ನು ನೋಡಿಕೊಳ್ಳುತ್ತಿದ್ದವರು. ಎಂಬತ್ತರ ದಶಕದ ಕೊನೆ. ಕಂಪ್ಯೂಟರ್ ಬಂದು ತಿಂಗಳಾಗಿತ್ತಷ್ಟೆ. ಕಾಲುಬಾಯಿ ಜ್ವರದ ಲಸಿಕೆಗಾಗಿ ದನ ಸಾಕುವವರ ಹೆಸರುಗಳನ್ನು ಊರುವಾರು ಟೈಪ್ ಮಾಡಿದ್ದೆ. ‘ಹೆಡ್’ ಎಂದು ಕೊಟ್ಟರೆ ಪಟ್ಟಿಯ ಮೊದಲ ಹತ್ತು ಸಾಲು ಬರುತ್ತಿತ್ತು, ‘ಟೇಲ್’ ಎಂದರೆ ಕೊನೆಯ ಹತ್ತು. ಎರಡೂ ಸರಿಯಿದ್ದವು. ಸಂಜೆ ಮಂಗಳೂರಿನ ಜಿಲ್ಲಾ ಕಚೇರಿಗೆ ಕಳಿಸುವುದೊಂದೇ ಬಾಕಿ.

“ನಾನು ಕಡತದ ಕಟ್ಟು ಬಿಚ್ಚಿದರೆ ಮೊದಲು ನೋಡುದು ನಡುವನ್ನೇ. ಗೆದ್ದಲು ಹೊರಗಿನ ರಟ್ಟು ಮುಟ್ಟುದಿಲ್ಲ, ಒಳಗಿಂದಲೇ ತಿನ್ನುದು,” ಎಂದರು.

ಕಂಪ್ಯೂಟರಿಗೆ ಎಂಥ ಗೆದ್ದಲು ಎಂದು ನಗುತ್ತಲೇ, ಆದರೂ ಕುತೂಹಲ ತಡೆಯದೆ, ನಡುಭಾಗ ತೆರೆದೆ. ಕೊಯಿಲ ಎಂಬ ಊರಿನ ಹಾಳೆಯನ್ನು ನಾನು ಎರಡು ಸಲ ಟೈಪ್ ಮಾಡಿದ್ದೆ. ಐವರ್ನಾಡಿನ ಹಾಳೆ ಬಿಟ್ಟೇಹೋಗಿತ್ತು.

ಈಗಲೂ ಯಾರಾದರೂ ಕಾಗದದ ಕಟ್ಟು ಕೊಟ್ಟರೆ ನನ್ನ ಬೆರಳು ತಾನಾಗಿ ನಡುವಿಗೆ ಹೋಗುತ್ತದೆ. ಅಲ್ಲಿ ಯಾವುದೋ ಊರಿನ ದನಗಳು ಇನ್ನೂ ಲಸಿಕೆಗೆ ಕಾಯುತ್ತ ನಿಂತಿರಬಹುದು.